ಪಾತ್ರಕ್ಕೊಂದು ಹೆಸರು

ಯಾದಗಿರಿ ಸೀಮೆಯಲ್ಲಿ ರಾಮಸಮುದ್ರವೆಂಬ ಊರಿದೆ. ಅಲ್ಲಿಂದ ಯಾವ ದಿಕ್ಕಿಗೆ ಹೊರಟರೂ ಕಡಲತೀರ ನೂರಾರು ಕಿಲೋಮೀಟರು ದೂರ. ಆ ಸೀಮೆಯಲ್ಲಿ ಕಣ್ಣಿಗೆ ಬೀಳುವುವು ತೊಗರಿ, ಹತ್ತಿ, ಜೋಳದ ಹೊಲಗಳು. ದೈತ್ಯರು ಆಟಕ್ಕೆಂದು ಬಂಡೆಗಳನ್ನು ಒಂದರ ಮೇಲೊಂದು ಪೇರಿಸಿಟ್ಟಂತೆ ತೋರುವ ಗುಡ್ಡಗಳು. ತೆರೆಯನ್ನಾಗಲಿ ಹಡಗನ್ನಾಗಲಿ ಕಾಣದ ನೆಲದಲ್ಲಿ ‘ಸಮುದ್ರ’ವೆಂಬ ಹೆಸರು ಕೇಳಿ ಹೊಸಬರು ಬೆರಗಾಗಬಹುದು. ಆದರೆ ಕನ್ನಡ ನಾಡಿನಲ್ಲಿ ದೊಡ್ಡ ಕೆರೆಯನ್ನು ಸಮುದ್ರವೆಂದೂ ಸಾಗರವೆಂದೂ ಕರೆಯುವ ವಾಡಿಕೆ ಬಹಳ ಹಳೆಯದು. ಕೆರೆಗೆ ಇಟ್ಟ ಹೆಸರೇ ಊರಿಗೂ ನಿಲ್ಲುವುದುಂಟು. ಹೊಯ್ಸಳರ ರಾಜಧಾನಿಯಾಗಿದ್ದ ದೋರಸಮುದ್ರ, ಇಂದಿನ ಹಳೇಬೀಡು, ಅದೂ ಕಡಲಿನಿಂದ ದೂರವಿರುವ ಊರೇ. ಮಳೆಯನ್ನು ನಂಬಿ ಬದುಕುವ ಜನರು ತುಂಬಿದ ಕೆರೆಯನ್ನು ಕಂಡು ‘ಸಮುದ್ರ’ವೆಂದು ಉದ್ಗರಿಸಿದರೆ ಅದನ್ನು ಸುಳ್ಳೆನ್ನಲಾಗದು. ಇರುವುದಕ್ಕಿಂತ ಒಂದು ಗೇಣು ಹೆಚ್ಚಿನ ಹೆಸರನ್ನಿಟ್ಟ ಕೂಡಲೇ ಅಲ್ಲಿ ಕಲ್ಪನೆಯ ವ್ಯಾಪಾರ ಆರಂಭವಾಗುತ್ತದೆ.

ಈ ಹೆಸರನ್ನೇ ಹಿಡಿದು ಒಂದು ಆಟವನ್ನು ಕಲ್ಪಿಸಬಹುದು. ರಾಮಸಮುದ್ರದಲ್ಲಿ ಒಂದು ಥೀಮ್ ಪಾರ್ಕ್, ಎಂದರೆ ಒಂದೊಂದು ಕಥಾವಸ್ತುವಿನ ಸುತ್ತ ಕಟ್ಟಿದ ಆಟಗಳುಳ್ಳ ವಿನೋದೋದ್ಯಾನ, ನಿರ್ಮಾಣವಾಗುತ್ತದೆ ಎಂದಿಟ್ಟುಕೊಳ್ಳೋಣ. ಅಲ್ಲಿ ಒಂದು ದೋಣಿ ಜನರನ್ನು ಕೂರಿಸಿಕೊಂಡು, ಇಲ್ಲದ ಸಮುದ್ರದ ಮೇಲೆ ಪಯಣ ಹೊರಡುತ್ತದೆ. ಗುಡ್ಡದ ಹೊಟ್ಟೆಯೊಳಗಿನ ಕತ್ತಲೆಯ ಕಾಲುವೆಯಲ್ಲಿ ಸುತ್ತಿ ಮತ್ತೆ ಬೆಳಕಿಗೆ ಬರುತ್ತದೆ. ಇಂತಹ ಪಯಣವನ್ನು ಕಟ್ಟಲು ಯಂತ್ರ, ನೀರು, ದೀಪ, ಸಿಮೆಂಟು ಮೊದಲಾದವೆಲ್ಲ ಬೇಕು. ಅವೆಲ್ಲಕ್ಕಿಂತ ಮೊದಲು ಬೇಕಾದುವು ಪಾತ್ರಗಳು. ದೋಣಿಯನ್ನು ನಡೆಸುವವನು ಯಾರು? ದಾರಿಯಲ್ಲಿ ಎದುರಾಗುವವರು ಯಾರು? ಅವರನ್ನು ಏನೆಂದು ಕರೆಯಬೇಕು? ಈ ಪ್ರಶ್ನೆಗಳು ಮೇಲುನೋಟಕ್ಕೆ ಹುಡುಗಾಟಿಕೆಯಂತೆ ತೋರುತ್ತವೆ. ಉತ್ತರ ಹುಡುಕಲು ಕುಳಿತಾಗ ಮಾತ್ರ ಇದು ಜಾಣ್ಮೆಯನ್ನೂ ಹೊಣೆಯನ್ನೂ ಬೇಡುವ ಕೆಲಸವೆಂದು ತಿಳಿಯುತ್ತದೆ.

ಜಾತ್ರೆಯ ತೊಟ್ಟಿಲನ್ನು ಕಾಣದ ಮಕ್ಕಳು ಈ ನಾಡಿನಲ್ಲಿ ವಿರಳ. ಅದು ಮೇಲೇರುವಾಗ ಉಲ್ಲಾಸ, ಕೆಳಗಿಳಿಯುವಾಗ ಹೊಟ್ಟೆಯಲ್ಲಿ ಕಸಿವಿಸಿ. ಇಳಿದ ಮೇಲೆ ಇನ್ನೊಮ್ಮೆ ಏರಬೇಕೆಂಬ ಆಸೆ. ಆದರೆ ತೊಟ್ಟಿಲು ಯಾವ ಕಥೆಯನ್ನೂ ಹೇಳುವುದಿಲ್ಲ. ಕಥೆ ಹೇಳುವ ಸವಾರಿಗಳು ಬೇರೆಯೇ ಬಗೆಯವು. ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದ ಅನಾಹೈಮ್ ನಗರದಲ್ಲಿ 1955ರಲ್ಲಿ ಆರಂಭವಾದ ಡಿಸ್ನಿಲ್ಯಾಂಡಿನಲ್ಲಿ ಇಂತಹ ಅನೇಕ ಸವಾರಿಗಳಿವೆ. ಅವುಗಳಲ್ಲಿ ಬಹು ಪ್ರಸಿದ್ಧವಾದುದು 1967ರ ಮಾರ್ಚ್ ತಿಂಗಳಲ್ಲಿ ತೆರೆದ ‘ಪೈರೇಟ್ಸ್ ಆಫ್ ದಿ ಕೆರಿಬಿಯನ್’. ಪ್ರೇಕ್ಷಕರು ದೋಣಿಯಲ್ಲಿ ಕುಳಿತು ಸುಮಾರು 15 ನಿಮಿಷಗಳ ಕಾಲ ಕತ್ತಲೆಯ ನೀರುದಾರಿಯಲ್ಲಿ ತೇಲುತ್ತಾರೆ. ಎರಡೂ ದಡಗಳಲ್ಲಿ ಕಡಲ್ಗಳ್ಳರ ಯಂತ್ರಗೊಂಬೆಗಳು ತಲೆಯಾಡಿಸುತ್ತವೆ, ಹಾಡುತ್ತವೆ, ಜಗಳವಾಡುತ್ತವೆ. ಈ ಪಯಣವನ್ನು ಯೋಜಿಸಿದ ವಾಲ್ಟ್ ಡಿಸ್ನಿ ಅದು ತೆರೆಯುವುದಕ್ಕೆ ಕೆಲವೇ ತಿಂಗಳು ಮೊದಲು, 1966ರ ಡಿಸೆಂಬರಿನಲ್ಲಿ, ತೀರಿಕೊಂಡರು.

ಇಂತಹ ಸವಾರಿಯಲ್ಲಿ ಪಾತ್ರವನ್ನು ಸೃಷ್ಟಿಸುವವರ ಮುಂದಿರುವ ಮುಖ್ಯ ತೊಡಕು ಕಾಲದ ಅಭಾವ. ಕಾದಂಬರಿಕಾರನಿಗೆ ನೂರಾರು ಪುಟಗಳಿವೆ. ನಾಯಕನ ಬಾಲ್ಯ, ಅವನ ಮನೆತನ, ಅವನ ಮನಸ್ಸಿನ ಹೊಯ್ದಾಟ ಇವನ್ನೆಲ್ಲ ಅವನು ನಿಧಾನವಾಗಿ ಬಿಡಿಸಿ ಹೇಳಬಲ್ಲನು. ದೋಣಿಯಲ್ಲಿ ಕುಳಿತವನಿಗೆ ದಡದ ಗೊಂಬೆ ಕಾಣುವುದು ಅರ್ಧ ನಿಮಿಷವೂ ಇಲ್ಲ. ಅಷ್ಟರಲ್ಲಿ ಇವನು ಯಾರು, ಒಳ್ಳೆಯವನೋ ಕೆಟ್ಟವನೋ, ಇವನಿಗೆ ಏನು ಬೇಕಾಗಿದೆ ಎಂಬುದೆಲ್ಲ ನೋಡುವವನಿಗೆ ಹೊಳೆಯಬೇಕು. ಗೊಂಬೆಯ ಮಾತು ನೀರಿನ ಸದ್ದಿನಲ್ಲಿ ಅರ್ಧ ಕೇಳಿಸುತ್ತದೆ, ಅರ್ಧ ಕೇಳಿಸುವುದಿಲ್ಲ. ಅಷ್ಟರಲ್ಲಿ ದೋಣಿ ಮುಂದೆ ಹೋಗಿರುತ್ತದೆ.

ಉತ್ತರ ಕರ್ನಾಟಕದ ಬಯಲಾಟದಲ್ಲಿ ಈ ತೊಡಕು ಇಲ್ಲವೆಂದೇ ಹೇಳಬೇಕು. ಅಲ್ಲಿ ರಾತ್ರಿಯಿಡೀ ಸಮಯವಿದೆ. ಕಿರೀಟ, ಭುಜಕೀರ್ತಿಗಳನ್ನು ಧರಿಸಿದ ಪಾತ್ರ ರಂಗಕ್ಕೆ ಬಂದು ಕುಣಿದು ನಿಂತೊಡನೆ ಸಾರಥಿಯು ಮುಂದೆ ಬಂದು, ತಾವು ಯಾರು, ಯಾವ ಪಟ್ಟಣದವರು, ಇಲ್ಲಿಗೆ ಬಂದ ಕಾರಣವೇನು ಎಂದು ವಿಚಾರಿಸುತ್ತಾನೆ. ಪಾತ್ರವು ತನ್ನ ಹೆಸರು, ಕುಲ, ಪರಾಕ್ರಮಗಳನ್ನು ತಾನೇ ಬಣ್ಣಿಸಿಕೊಳ್ಳುತ್ತದೆ. ಹೆಸರು ಹೇಳುವುದೇ ಅಲ್ಲಿ ಒಂದು ಸಂಭ್ರಮ. ಹಳ್ಳಿಯ ಪ್ರೇಕ್ಷಕನಿಗೆ ಬಂದವನು ದುರ್ಯೋಧನನೆಂಬುದು ಮೊದಲೇ ಗೊತ್ತಿದ್ದರೂ ಅವನ ಬಾಯಿಂದಲೇ ಅದನ್ನು ಕೇಳಬೇಕು. ದೋಣಿಯ ಸವಾರಿಯಲ್ಲಿ ಸಾರಥಿಗೆ ಎಡೆಯಿಲ್ಲ. ಅವನು ಕೇಳಬೇಕಾದ ಪ್ರಶ್ನೆಗಳಿಗೆ ಪಾತ್ರದ ಆಕಾರವೂ ಹೆಸರೂ ಸೇರಿ ಒಂದೇ ಕ್ಷಣದಲ್ಲಿ ಉತ್ತರ ಕೊಡಬೇಕು.

ಈ ವಿದ್ಯೆಯನ್ನು ಕನ್ನಡ ನಾಡಿನಲ್ಲಿ ಬಹುಕಾಲದಿಂದ ಬಲ್ಲವರು ತೊಗಲುಗೊಂಬೆಯಾಟದವರು. ಚರ್ಮವನ್ನು ಹದಮಾಡಿ, ತೆಳುವಾಗಿಸಿ, ಬಣ್ಣ ಹಾಕಿ, ಅಂಚುಗಳನ್ನು ಕತ್ತರಿಸಿ, ತೂತುಗಳನ್ನು ಕೊರೆದು ಮಾಡಿದ ಗೊಂಬೆಗಳನ್ನು ಬಿಳಿಯ ಪರದೆಯ ಹಿಂದೆ ಹಿಡಿದು, ಅವುಗಳ ಹಿಂದಿನಿಂದ ದೀಪದ ಬೆಳಕು ಬಿಡುತ್ತಾರೆ. ಮುಂದೆ ಕುಳಿತವರಿಗೆ ಕಾಣುವುದು ಬಣ್ಣದ ನೆರಳು ಮಾತ್ರ. ಆದುದರಿಂದ ಹೊರಗೆರೆಯೇ ಅಲ್ಲಿ ಪಾತ್ರದ ಗುರುತು. ಹತ್ತು ತಲೆಗಳ ಗೆರೆ ಕಂಡರೆ ರಾವಣ. ಬಾಲದ ಗೆರೆ ಕಂಡರೆ ಹನುಮಂತ. ಈ ದೇವದಾನವರ ನಡುವೆ ಪುರಾಣದಲ್ಲಿಲ್ಲದ ಒಂದು ಜೋಡಿಯೂ ಪರದೆಯ ಮೇಲೆ ಕುಣಿಯುತ್ತದೆ. ಅವನು ಕಿಳ್ಳೇಕ್ಯಾತ, ಅವಳು ಬಂಗಾರಕ್ಕ. ಕಪ್ಪು ಮೈ, ವಿಕಾರವಾದ ಮುಖ, ಕೀಲು ಸಡಿಲವಾದಂತೆ ಆಡುವ ಕೈಕಾಲುಗಳ ಕಿಳ್ಳೇಕ್ಯಾತ ಆಟದ ಮೊದಲಿಗೇ ಬಂದು ಜನರನ್ನು ನಗಿಸುತ್ತಾನೆ. ರಾಮಾಯಣದ ಗಂಭೀರ ಪ್ರಸಂಗಗಳ ನಡುವೆಯೂ ನುಗ್ಗಿ ಊರಿನ ಸುದ್ದಿಯನ್ನು ಆಡುತ್ತಾನೆ. ಹೆಂಡತಿ ಬಂಗಾರಕ್ಕನ ಹೆಸರಿನಲ್ಲಿ ಚಿನ್ನ ಹೊಳೆಯುತ್ತದೆ. ಆ ಹೆಸರಿಗೂ ಆ ಜೋಡಿಯ ಅವತಾರಕ್ಕೂ ಇರುವ ಅಂತರವೇ ನಗೆಯ ಮೂಲ. ವಾಲ್ಮೀಕಿಯ ಕಥೆಯಲ್ಲಿ ಇವರಿಬ್ಬರಿಗೂ ಸ್ಥಾನವಿಲ್ಲ. ಆದರೂ ಆಟ ಮುಗಿದ ಮರುದಿನ ಮಕ್ಕಳ ಬಾಯಲ್ಲಿ ಉಳಿಯುವುದು ಬಹುಮಟ್ಟಿಗೆ ಇವರ ಮಾತುಗಳೇ.

ರಾಮಸಮುದ್ರದ ದೋಣಿಗೂ ಇಂತಹದೇ ಹೊರಗೆರೆಗಳು ಬೇಕು. ದೋಣಿ ನಡೆಸುವವನನ್ನೇ ತೆಗೆದುಕೊಳ್ಳಬಹುದು. ಕೃಷ್ಣಾ ಭೀಮಾ ನದಿಗಳಲ್ಲಿ ಹರಿಗೋಲು ಹಾಕುವವರನ್ನು ಕಂಡವರಿಗೆ ಅವನ ಆಕಾರ ಹೊಳೆಯುವುದು ಕಷ್ಟವಲ್ಲ. ಬಾಗಿದ ಬೆನ್ನು, ಉದ್ದನೆಯ ಹುಟ್ಟು, ತಲೆಗೆ ಸುತ್ತಿದ ಪಟಗ. ಆದರೆ ಆಕಾರ ಮಾತ್ರದಿಂದ ಪಾತ್ರವಾಗದು. ಅವನಿಗೆ ಒಂದು ಬಯಕೆಯೂ ಒಂದು ಕೊರತೆಯೂ ಬೇಕು. ಅವನು ಎಂದೂ ಸಮುದ್ರವನ್ನು ಕಂಡವನಲ್ಲ. ಕಂಡಿರುವೆನೆಂದು ಎಲ್ಲರಿಗೂ ಹೇಳಿಕೊಂಡಿದ್ದಾನೆ. ದಡ ಯಾವಾಗ ಬರುತ್ತದೆ ಎಂದು ಪ್ರಯಾಣಿಕರು ಕೇಳಿದಾಗಲೆಲ್ಲ ಮಾತು ಮರೆಸುತ್ತಾನೆ. ಇಷ್ಟು ಗೊತ್ತಾದರೆ ಅವನು ಹೇಗೆ ಕೂರುತ್ತಾನೆ, ಯಾವ ಕಡೆ ನೋಡುತ್ತಾನೆ, ಎಲ್ಲಿ ಕೆಮ್ಮುತ್ತಾನೆ ಎಂಬುದನ್ನು ಗೊಂಬೆ ಮಾಡುವವರು ತಾವೇ ಊಹಿಸಿಕೊಳ್ಳಬಲ್ಲರು. ಉಳಿದಿರುವುದು ಹೆಸರು.

ಹೆಸರಿಡುವವರಿಗೆ ಕನ್ನಡ ವ್ಯಾಕರಣ ಒಂದು ನೆರವು ನೀಡುತ್ತದೆ. ನಾಮಪದಗಳಲ್ಲಿ ರೂಢನಾಮ, ಅಂಕಿತನಾಮ, ಅನ್ವರ್ಥನಾಮಗಳೆಂಬ ಭೇದಗಳನ್ನು ವಿದ್ಯಾರ್ಥಿಗಳು ಬಲ್ಲರು. ಹುಡುಗ, ನದಿ, ಊರು ಎಂಬುವು ರೂಢನಾಮಗಳು. ಮಲ್ಲಪ್ಪ, ಭೀಮಾ, ಯಾದಗಿರಿ ಎಂಬುವು ವ್ಯವಹಾರಕ್ಕಾಗಿ ಇಟ್ಟ ಅಂಕಿತನಾಮಗಳು. ಗುಣವನ್ನೋ ರೂಪವನ್ನೋ ವೃತ್ತಿಯನ್ನೋ ಅನುಸರಿಸಿ ಬಂದುವು ಅನ್ವರ್ಥನಾಮಗಳು. ಬದುಕಿನಲ್ಲಿ ಅಂಕಿತನಾಮಕ್ಕೆ ಅರ್ಥ ಹೊಂದಬೇಕೆಂಬ ನಿಯಮವಿಲ್ಲ. ಶಾಂತಪ್ಪನೆಂಬವನು ಮುಂಗೋಪಿಯಾಗಿರಬಹುದು. ಆದರೆ ಅರ್ಧ ನಿಮಿಷ ಬದುಕುವ ಪಾತ್ರಕ್ಕೆ ಅಂಕಿತನಾಮವೇ ಅನ್ವರ್ಥನಾಮವೂ ಆಗಬೇಕಾಗುತ್ತದೆ. ಪುರಾಣಕಾರರು ಇದನ್ನು ಚೆನ್ನಾಗಿ ಅರಿತಿದ್ದರು. ದಶಕಂಠ, ವೃಕೋದರ, ಶೂರ್ಪನಖಿ ಎಂಬ ಹೆಸರುಗಳು ಕಿವಿಗೆ ಬಿದ್ದೊಡನೆ ರೂಪ ಕಣ್ಣಿಗೆ ಕಟ್ಟುತ್ತದೆ. ಮೊರದಂತಹ ಉಗುರುಗಳನ್ನು ಬೇರೆಯಾಗಿ ವರ್ಣಿಸಬೇಕಾಗಿಲ್ಲ. ಒಂದು ತಮಾಷೆಯನ್ನೂ ಇಲ್ಲಿ ಗಮನಿಸಬಹುದು. ಕುಂಭಕರ್ಣನೆಂದರೆ ಕೊಡದಂತಹ ಕಿವಿಗಳುಳ್ಳವನು. ಆದರೆ ಜನ ಅವನ ಕಿವಿಯನ್ನು ಎಂದೋ ಮರೆತು ನಿದ್ರೆಯನ್ನು ಮಾತ್ರ ನೆನಪಿಟ್ಟುಕೊಂಡಿದ್ದಾರೆ. ಹೆಸರು ಒಂದು ಕಡೆ ಬೆರಳು ತೋರಿಸಿದರೆ ಕಥೆ ಇನ್ನೊಂದು ಕಡೆಗೆ ಎಳೆದುಕೊಂಡು ಹೋಗಬಲ್ಲದು.

ಸಂಸ್ಕೃತದ ಸಮಾಸಗಳು ರಾಕ್ಷಸರಿಗೆ ಒಪ್ಪಿದಂತೆ ದೋಣಿಯವನಿಗೆ ಒಪ್ಪಲಾರವು. ಅವನನ್ನು ನಾವಿಕರತ್ನನೆಂದು ಕರೆದರೆ ಪಟಗದ ಬದಲು ಕಿರೀಟ ಇಡಬೇಕಾಗುತ್ತದೆ. ಹಳ್ಳಿಯ ಪಾತ್ರಕ್ಕೆ ಹಳ್ಳಿಯ ಹೆಸರೇ ಬೇಕು. ಆ ಹೆಸರುಗಳಲ್ಲಿ ಕೊನೆಯ ಅಕ್ಷರಗಳು ಮಾಡುವ ಕೆಲಸ ಬಹು ಸೂಕ್ಷ್ಮವಾದುದು. ಬಸಪ್ಪ, ಬಸಣ್ಣ, ಬಸಯ್ಯ, ಬಸ್ಯಾ ಎಂಬ ನಾಲ್ಕೂ ಬಸವನಿಂದ ಬಂದವೇ. ಆದರೆ ಕರೆಯುವವನಿಗೂ ಕರೆಯಿಸಿಕೊಳ್ಳುವವನಿಗೂ ಇರುವ ಸಂಬಂಧ ಪ್ರತಿಯೊಂದರಲ್ಲಿಯೂ ಬೇರೆ. ‘ಅಪ್ಪ’, ‘ಅಣ್ಣ’ ಎಂಬುವು ಗೌರವವನ್ನೂ ಬಂಧುತ್ವವನ್ನೂ ಸೇರಿಸುತ್ತವೆ. ‘ಯಾ’ ಎಂಬ ಮೊಟಕು ರೂಪ ಸಲಿಗೆಯನ್ನು ಸೂಚಿಸುತ್ತದೆ. ಸಲಿಗೆ ಇಲ್ಲದವರು ಬಳಸಿದರೆ ಅದೇ ತಿರಸ್ಕಾರವಾಗುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಬೈಲಹೊಂಗಲದ ಕಡೆ ನಡೆದ ಘಟನೆಯನ್ನು ಆಧರಿಸಿದ ‘ಸಂಗ್ಯಾ ಬಾಳ್ಯಾ’ ಎಂಬ ಸಣ್ಣಾಟದಲ್ಲಿ ಪ್ರಮುಖ ಪಾತ್ರಗಳಿಗೆ ಸಂಗ್ಯಾ, ಬಾಳ್ಯಾ, ಈರ್ಯಾ ಎಂಬ ಹೆಸರುಗಳೇ ಇವೆ. ಅವರು ರಾಜರಲ್ಲ, ಪಕ್ಕದ ಓಣಿಯವರು ಎಂಬುದನ್ನು ಆ ಒಂದು ಅಕ್ಷರವೇ ತಿಳಿಸಿಬಿಡುತ್ತದೆ. ಆಟ ನೋಡಲು ಕುಳಿತವರಲ್ಲಿಯೂ ಸಂಗಪ್ಪಂದಿರು, ಬಾಳಪ್ಪಂದಿರು, ಈರಪ್ಪಂದಿರು ಇದ್ದೇ ಇರುತ್ತಾರೆ.

ಸದ್ದಿನಿಂದಲೂ ಹೆಸರನ್ನು ಕಟ್ಟಬಹುದು. ಗಡಗಡ, ಸರಸರ, ಗುಳುಗುಳು ಎಂಬ ಅನುಕರಣಾವ್ಯಯಗಳು ಕನ್ನಡದಲ್ಲಿ ಎಷ್ಟೊಂದಿವೆ. ಬಂಡೆ ಉರುಳಿಸುವ ಪಾತ್ರದ ಹೆಸರಿನಲ್ಲಿ ಗಕಾರ ಡಕಾರಗಳಿದ್ದರೆ ಕೇಳುವವನಿಗೆ ಭಾರದ ಅನುಭವವಾಗುತ್ತದೆ. ಅದೇ ಪಾತ್ರವನ್ನು ಸುಲಲಿತಾ ಎಂದು ಕರೆದರೆ ಬಂಡೆ ಹತ್ತಿಯಷ್ಟು ಹಗುರವಾದೀತು. ನಗಿಸುವುದೇ ಉದ್ದೇಶವಾಗಿದ್ದರೆ ಅದೂ ಸರಿಯೇ.

ಎಲ್ಲಕ್ಕಿಂತ ಚೆಲುವಾದ ಉಪಾಯವೆಂದರೆ ಜನರ ಬಾಯಲ್ಲಿ ಆಗಲೇ ಇರುವ, ಆದರೆ ಯಾರೂ ಕಣ್ಣಾರೆ ಕಾಣದ ಹೆಸರೊಂದನ್ನು ಹುಡುಕಿ ಅದಕ್ಕೆ ಮೈ ಕೊಡುವುದು. ಅಮೆರಿಕದ ಫ್ಲಾರಿಡದಲ್ಲಿರುವ ಎಪ್ಕಾಟ್ ಎಂಬ ಉದ್ಯಾನದಲ್ಲಿ 1983ರಲ್ಲಿ ಕಲ್ಪನಾಶಕ್ತಿಯನ್ನೇ ವಸ್ತುವಾಗಿಸಿಕೊಂಡ ಸವಾರಿಯೊಂದು ತೆರೆಯಿತು. ಅದರಲ್ಲಿ ನೇರಳೆ ಬಣ್ಣದ, ಪುಟ್ಟ ಕೊಂಬುಗಳ ಒಂದು ಮರಿ ಡ್ರ್ಯಾಗನ್ ಇತ್ತು. ಅದನ್ನು ರೂಪಿಸಿದವರಲ್ಲಿ ಪ್ರಮುಖರಾದ ಟೋನಿ ಬ್ಯಾಕ್ಸ್ಟರ್ ಅದಕ್ಕೆ ‘ಫಿಗ್ಮೆಂಟ್’ ಎಂಬ ಹೆಸರನ್ನು ಆರಿಸಿದರು. ಇಲ್ಲದ್ದನ್ನು ಇದೆಯೆಂದು ಭ್ರಮಿಸುವವನಿಗೆ ಇಂಗ್ಲಿಷಿನಲ್ಲಿ, ಅದು ನಿನ್ನ ಕಲ್ಪನೆಯ ಫಿಗ್ಮೆಂಟ್ ಎನ್ನುವುದು ರೂಢಿ. ಆ ಮಾತನ್ನು ಎಲ್ಲರೂ ಆಡುತ್ತಿದ್ದರು. ಫಿಗ್ಮೆಂಟ್ ಎಂಬುದು ಹೇಗಿರುತ್ತದೆ ಎಂದು ಕೇಳಿದರೆ ಹೇಳಬಲ್ಲವರಿರಲಿಲ್ಲ. ಆ ಖಾಲಿ ಜಾಗದಲ್ಲಿ ನೇರಳೆ ಮರಿ ಬಂದು ಕುಳಿತಿತು. ಮುಂದೆ ಆ ಸವಾರಿಯನ್ನು ಬದಲಾಯಿಸಿ ಫಿಗ್ಮೆಂಟನ್ನು ಬಹುಮಟ್ಟಿಗೆ ತೆಗೆದುಹಾಕಿದಾಗ ಜನ ಸುಮ್ಮನಿರಲಿಲ್ಲ; ಕೆಲವೇ ವರ್ಷಗಳಲ್ಲಿ, 2002ರಲ್ಲಿ, ಅದನ್ನು ಮತ್ತೆ ಕರೆತರಬೇಕಾಯಿತು.

ಕನ್ನಡದಲ್ಲಿಯೂ ಇಂತಹ ಹೆಸರೊಂದಿದೆ. ಊಟ ಮಾಡದೆ ಹಟಹಿಡಿಯುವ ಮಗುವನ್ನು ತಾಯಂದಿರು ‘ಗುಮ್ಮ ಬಂದಾನು’ ಎಂದು ಹೆದರಿಸುತ್ತಾರೆ. ದಾಸರ ಪದದಲ್ಲಿಯೂ ಈ ಗುಮ್ಮನಿದ್ದಾನೆ. ಅಲ್ಲಿ ಬಾಲಕೃಷ್ಣನೇ ಅವನಿಗೆ ಅಂಜುತ್ತಾನೆ. ಗುಮ್ಮ ಕಪ್ಪೋ ಬಿಳುಪೋ, ಅವನಿಗೆ ಬಾಲವಿದೆಯೋ ಕೊಂಬಿದೆಯೋ, ಅವನು ಎಲ್ಲಿ ವಾಸಿಸುತ್ತಾನೆ ಎಂಬುದನ್ನು ಯಾವ ತಾಯಿಯೂ ಹೇಳಿಲ್ಲ. ಪ್ರತಿಯೊಂದು ಮಗುವೂ ತನ್ನ ಗುಮ್ಮನನ್ನು ತಾನೇ ಮಾಡಿಕೊಂಡಿರುತ್ತದೆ. ಗುಡ್ಡದ ಒಳಗಿನ ಕತ್ತಲೆಯಲ್ಲಿ ಇಂತಹವನೊಬ್ಬನಿಗೆ ಜಾಗ ಕಾದಿರಿಸಲೇಬೇಕು.

ಎಲ್ಲ ಹೆಸರುಗಳನ್ನೂ ಸೃಷ್ಟಿಸಿದವರೇ ಇಡಬೇಕೆಂದೇನೂ ಇಲ್ಲ. 1969ರಲ್ಲಿ ಡಿಸ್ನಿಲ್ಯಾಂಡಿನಲ್ಲಿ ತೆರೆದ ಭೂತದ ಬಂಗಲೆಯ ಸವಾರಿಯ ಕೊನೆಯಲ್ಲಿ ಮೂರು ಭೂತಗಳು ಹೆಬ್ಬೆರಳು ಚಾಚಿ, ತಮ್ಮನ್ನೂ ಗಾಡಿಯಲ್ಲಿ ಕರೆದೊಯ್ಯಿರೆಂದು ಬೇಡುತ್ತವೆ. ಆರಂಭದಲ್ಲಿ ಅವಕ್ಕೆ ಹೆಸರಿರಲಿಲ್ಲ. ಕಾಲಕ್ರಮದಲ್ಲಿ ಅಲ್ಲಿನ ಕೆಲಸಗಾರರ ಮತ್ತು ಅಭಿಮಾನಿಗಳ ಬಾಯಲ್ಲಿ ಗಸ್, ಎಜ್ರಾ, ಫಿನಿಯಸ್ ಎಂಬ ಹೆಸರುಗಳು ಹುಟ್ಟಿದುವು. ಕೊನೆಗೆ ಸಂಸ್ಥೆಯೂ ಅವನ್ನೇ ಒಪ್ಪಿಕೊಂಡಿತು. ಯಾದಗಿರಿ ಜಿಲ್ಲೆಯವರಿಗೆ ಇದು ಹೊಸದಾಗಿ ತೋರಬೇಕಾಗಿಲ್ಲ. ಶಹಾಪುರದ ಬಳಿಯ ಬೆಟ್ಟಸಾಲು ದೂರದಿಂದ ನೋಡಿದರೆ ಅಂಗಾತ ಮಲಗಿದ ಮನುಷ್ಯನಂತೆ ಕಾಣುತ್ತದೆ. ಹಣೆ, ಮೂಗು, ಗಲ್ಲ, ಎದೆ ಎಲ್ಲವೂ ಬಂಡೆಗಳಲ್ಲಿ ಒಡಮೂಡಿವೆ. ಜನ ಅದನ್ನು ‘ಮಲಗಿದ ಬುದ್ಧ’ನೆಂದು ಕರೆದರು, ಈಗ ದೂರದಿಂದ ಬರುವ ಪ್ರವಾಸಿಗಳೂ ಅದೇ ಹೆಸರು ಹೇಳಿ ವಿಚಾರಿಸುತ್ತಾರೆ. ಅಲ್ಲಿ ಶಿಲ್ಪಿಯಿಲ್ಲ, ಉಳಿಯಿಲ್ಲ. ಆಕಾರ ಮೊದಲೇ ಇತ್ತು; ಯಾರೋ ಒಬ್ಬರು ಹೆಸರು ಕೂಗಿದ ಮೇಲೆ ಅದು ಎಲ್ಲರಿಗೂ ಕಾಣತೊಡಗಿತು.

ಹೀಗೆ ಅಂಟಿದ ಹೆಸರು ಬಿಡದೆ ಹಿಡಿಯುತ್ತದೆ ಎಂಬುದಕ್ಕೆ ನೋವಿನ ಉದಾಹರಣೆಗಳೂ ಉಂಟು. ಮೇಲೆ ಹೇಳಿದ ಕಿಳ್ಳೇಕ್ಯಾತ ಎಂಬುದು ಪರದೆಯ ಮೇಲಿನ ವಿದೂಷಕನ ಹೆಸರು ಮಾತ್ರವಲ್ಲ. ಗೊಂಬೆಯಾಡಿಸುತ್ತ ಊರಿಂದೂರಿಗೆ ಅಲೆಯುತ್ತಿದ್ದ ಸಮುದಾಯದ ಹೆಸರೂ ಅದೇ. ಆಟ ನೋಡಿ ನಕ್ಕ ಊರವರಿಗೆ ಗೊಂಬೆ ಬೇರೆ, ಅದನ್ನು ಆಡಿಸುವವನು ಬೇರೆ ಎಂಬ ವಿವೇಕ ಯಾವಾಗಲೂ ಉಳಿಯಲಿಲ್ಲ. ವಿಕಾರವಾಗಿ ವರ್ತಿಸುವವರನ್ನು ಹಂಗಿಸಲು ಆ ಹೆಸರನ್ನು ಬೈಗುಳದಂತೆ ಬಳಸಿದರು. ಯಾರಿಗೂ ಕೇಡು ಬಯಸದೆ ನಗಿಸುತ್ತಿದ್ದವನ ಹೆಸರಿನಿಂದಲೇ ಅವನಿಗೆ ದನಿ ಕೊಟ್ಟವರ ಮಕ್ಕಳು ತಲೆತಗ್ಗಿಸುವಂತಾಯಿತು. ಆ ಸಮುದಾಯಕ್ಕೆ ಶಿಳ್ಳೇಕ್ಯಾತರೆಂಬ ಹೆಸರೂ ಇದೆ. 2025ರಲ್ಲಿ ಭಾರತ ಸರ್ಕಾರ ಪದ್ಮಶ್ರೀ ಪ್ರಶಸ್ತಿಗಳನ್ನು ಪ್ರಕಟಿಸಿದಾಗ ಕೊಪ್ಪಳ ಜಿಲ್ಲೆಯ ಮೋರನಾಳ ಗ್ರಾಮದ, 90 ವರ್ಷ ದಾಟಿದ ತೊಗಲುಗೊಂಬೆ ಕಲಾವಿದೆಯೊಬ್ಬರು ಆ ಪಟ್ಟಿಯಲ್ಲಿದ್ದರು. ಅವರ ಹೆಸರು ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ. ಊರೂರುಗಳಲ್ಲಿ ಹಗುರವಾಗಿ ಆಡಿದ ಹೆಸರನ್ನು ರಾಷ್ಟ್ರದ ಗೌರವದ ಪಟ್ಟಿಯಲ್ಲಿ ಪೂರ್ಣವಾಗಿ ಅಚ್ಚುಹಾಕಿತ್ತು.

ಇನ್ನೊಂದು ಸಂಗತಿ ಶಾಲೆಯ ಕೊಠಡಿಗೇ ಸಂಬಂಧಿಸಿದುದು. ಅನ್ವರ್ಥನಾಮಕ್ಕೆ ಹಲವು ವ್ಯಾಕರಣ ಪುಸ್ತಕಗಳು ಕೊಡುವ ಉದಾಹರಣೆಗಳಲ್ಲಿ ವ್ಯಾಪಾರಿ, ಜಾಣ ಎಂಬುವುಗಳ ಜೊತೆಗೆ ಕುಂಟ, ಕುರುಡ, ಕಿವುಡ ಎಂಬುವೂ ಸೇರಿವೆ. ಪದಗಳ ಭೇದವನ್ನು ತಿಳಿಸಲು ಅವು ಬಂದಿವೆ ಎಂಬುದು ನಿಜ. ಆದರೆ ಪಾಠ ಓದುವಾಗ ತರಗತಿಯ ಮೂಲೆಯಲ್ಲಿ ಕುಳಿತ, ಕಾಲಿನ ಊನವುಳ್ಳ ಒಬ್ಬ ಹುಡುಗನತ್ತ ಎಲ್ಲರೂ ತಿರುಗಿ ನೋಡಿದರೆ ಅವನಿಗೆ ಅದು ವ್ಯಾಕರಣವಾಗಿ ಕೇಳಿಸದು. ಅಂದಿನಿಂದ ಅದೇ ಅವನ ಅಡ್ಡಹೆಸರಾದರೆ ಅವನಿಗೆ ತಾಯಿತಂದೆ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿಯುತ್ತದೆ. ದೇಹದ ಒಂದು ಗೆರೆಯನ್ನು ಹಿಡಿದು ಪಾತ್ರ ಕಟ್ಟುವ ವಿದ್ಯೆ ಹಾಗೂ ಮನುಷ್ಯನನ್ನು ಒಂದು ಗೆರೆಗೆ ಇಳಿಸುವ ಕ್ರೌರ್ಯ ಇವೆರಡೂ ನೆರೆಮನೆಯಲ್ಲಿಯೇ ವಾಸಿಸುತ್ತವೆ.

ಥೀಮ್ ಪಾರ್ಕುಗಳನ್ನು ಕಟ್ಟಿದವರೂ ಇದನ್ನು ತಡವಾಗಿ ಕಲಿತರು. ಕಡಲ್ಗಳ್ಳರ ಸವಾರಿಯಲ್ಲಿ ಸೆರೆಸಿಕ್ಕ ಹೆಂಗಸರನ್ನು ಹರಾಜು ಹಾಕುವ ಒಂದು ದೃಶ್ಯ ಮೊದಲಿನಿಂದಲೂ ಇತ್ತು. ಅವರಲ್ಲಿ ಕೆಂಗೂದಲಿನವಳೊಬ್ಬಳು ಎದ್ದು ಕಾಣುತ್ತಿದ್ದಳು. ಪ್ರೇಕ್ಷಕರು ಐವತ್ತು ವರ್ಷಗಳ ಕಾಲ ಅವಳನ್ನು ಕಂಡು ನಕ್ಕರು. ಅವಳನ್ನು ‘ಕೆಂಗೂದಲಿನವಳು’ ಎಂದೇ ಗುರುತಿಸಿದರು. ಮಾರಾಟದ ವಸ್ತುವಿಗೆ ಬೇರೆ ಹೆಸರು ಏತಕ್ಕೆ? 2018ರಲ್ಲಿ ದೃಶ್ಯವನ್ನು ಬದಲಾಯಿಸಿದರು. ಈಗ ಹರಾಜಾಗುವುದು ಲೂಟಿಯ ಸರಕು. ಕೆಂಗೂದಲಿನವಳು ಸ್ವತಃ ಕಡಲ್ಗಳ್ಳಿಯಾಗಿ ಕೈಯಲ್ಲಿ ಬಂದೂಕು ಹಿಡಿದು ನಿಂತಿದ್ದಾಳೆ. ಅವಳಿಗೆ ‘ರೆಡ್’ ಎಂಬ ಹೆಸರೂ ಬಂದಿದೆ. ಬಣ್ಣದಿಂದಲೇ ಹುಟ್ಟಿದ ಹೆಸರಾದರೂ ಈಗ ಅದು ಅವಳದು.

ಇನ್ನೊಂದು ಸವಾರಿಯ ಕಥೆ ಇದಕ್ಕಿಂತ ದೊಡ್ಡದು. 1989ರಲ್ಲಿ ಡಿಸ್ನಿಲ್ಯಾಂಡಿನಲ್ಲಿ ತೆರೆದ ‘ಸ್ಪ್ಲಾಶ್ ಮೌಂಟನ್’ ಎಂಬ ಜಲಸವಾರಿಯ ಮೊಲ, ನರಿ, ಕರಡಿಗಳು 1946ರ ಚಲನಚಿತ್ರವೊಂದರಿಂದ ಬಂದವು. ಪ್ರಾಣಿಗಳ ಕಥೆಗಳು ಮೂಲತಃ ಅಮೆರಿಕದ ಕಪ್ಪು ಜನರವು. ಆದರೆ ಗುಲಾಮಗಿರಿಯ ನೆರಳಿದ್ದ ಹೊಲಗಳ ಬದುಕನ್ನು ಆ ಚಿತ್ರ ಹಿತವಾದ ಕಾಲವೆಂಬಂತೆ ತೋರಿಸಿತ್ತು. ಅದಕ್ಕಾಗಿ ಅದು ಬಂದ ಕಾಲದಿಂದಲೇ ಟೀಕೆಗೆ ಒಳಗಾಗಿತ್ತು. ಸವಾರಿಯನ್ನು 2023ರಲ್ಲಿ ಮುಚ್ಚಿ, 2024ರಲ್ಲಿ ಟಿಯಾನ ಎಂಬ ಕಪ್ಪು ರಾಜಕುಮಾರಿಯ ಕಥೆಯೊಡನೆ ಮತ್ತೆ ತೆರೆದರು. ಹಳೆಯ ಮೊಲ, ನರಿಗಳನ್ನು ಬಾಲ್ಯದಿಂದ ಪ್ರೀತಿಸಿದ್ದ ಅನೇಕರಿಗೆ ಇದು ದುಃಖವನ್ನುಂಟುಮಾಡಿತು. ಅವರ ದುಃಖವೂ ಸುಳ್ಳಲ್ಲ. ಒಮ್ಮೆ ಕಟ್ಟಿ ಹೆಸರಿಟ್ಟು ಜನರ ಮನಸ್ಸಿನಲ್ಲಿ ಕೂರಿಸಿದ ಪಾತ್ರವನ್ನು ಎಬ್ಬಿಸಿ ಕಳುಹಿಸುವುದು ಕಟ್ಟುವುದಕ್ಕಿಂತ ಕಷ್ಟದ ಕೆಲಸ.

ಈ ಎಚ್ಚರದೊಡನೆ ರಾಮಸಮುದ್ರದ ದೋಣಿಗೆ ಮರಳಬಹುದು. ದೋಣಿಯವನಿಗೆ ‘ಅಂಬಿಗ’ ಎಂಬ ಹೆಸರು ಮೊದಲು ಹೊಳೆಯುವುದು ಸಹಜ. ಆದರೆ ಅದು ವೃತ್ತಿಯ ಹೆಸರಾದಂತೆ ಒಂದು ಸಮುದಾಯದ ಹೆಸರೂ ಹೌದು; ಹನ್ನೆರಡನೆಯ ಶತಮಾನದ ವಚನಕಾರ ಅಂಬಿಗರ ಚೌಡಯ್ಯ ಆ ಹೆಸರನ್ನು ತಲೆಯೆತ್ತಿ ಹೇಳಿಕೊಂಡವನು. ಬೊಗಳೆ ಕೊಚ್ಚುವ ಹಾಸ್ಯಪಾತ್ರಕ್ಕೆ ಅದನ್ನು ತೊಡಿಸಿದರೆ ಕಿಳ್ಳೇಕ್ಯಾತರಿಗೆ ಆದುದೇ ಮತ್ತೆ ಆದೀತು. ಮಾತು ತಡವರಿಸುತ್ತದೆಂದು ‘ತೊದಲಪ್ಪ’ ಎನ್ನುವುದೂ ಸಲ್ಲದು. ಹಾಗಾದರೆ ಅವನ ಊನವನ್ನು ಬಿಟ್ಟು ನಡತೆಯನ್ನು ಹಿಡಿಯಬೇಕು. ಅವನು ನೀರಿನ ಮೇಲೆ ದೋಣಿಯನ್ನು ತೇಲಿಸುತ್ತಾನೆ. ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ ಮಾತನ್ನೂ ತೇಲಿಸುತ್ತಾನೆ. ‘ತೇಲಪ್ಪ’ ಎಂದರೆ ಎರಡೂ ಅರ್ಥ ಬಂದಂತಾಯಿತು. ಮೂರೇ ಅಕ್ಷರ, ದಡದಿಂದ ಕೂಗಿ ಕರೆಯಲು ಬರುತ್ತದೆ. “ಬರ್ರಿ, ಕುಂದರ್ರಿ, ಸಮುದ್ರ ದಾಟಸ್ತೀನಿ” ಎಂದು ಅವನು ಹುಟ್ಟು ಎತ್ತಿದರೆ ಬೇರೆ ಪರಿಚಯ ಬೇಕಾಗುವುದಿಲ್ಲ.

ಗುಡ್ಡದೊಳಗೆ ಬಂಡೆಯ ಮೇಲೆ ಬಂಡೆ ಇಡುತ್ತ ಕುಳಿತ ಮುದುಕಿಯೊಬ್ಬಳು ಬೇಕು. ಅಲ್ಲಿನ ಗುಡ್ಡಗಳನ್ನೆಲ್ಲ ಪೇರಿಸಿಟ್ಟವಳು ತಾನೇ ಎಂಬುದು ಅವಳ ವಾದ. ಇನ್ನೊಂದೇ ಒಂದು ಕಲ್ಲು ನಿಂತರೆ ಸಾಕು, ಸಮುದ್ರ ಕಾಣಿಸುತ್ತದೆ ಎಂಬುದು ಅವಳ ಆಸೆ. ‘ಗುಂಡವ್ವ’ ಎಂಬ ಹೆಸರು ಕೂಡಲೇ ನೆನಪಿಗೆ ಬರುತ್ತದೆ, ಗುಂಡುಕಲ್ಲಿಗೂ ಒಪ್ಪುತ್ತದೆ. ಆದರೆ ಈ ಸೀಮೆಯಲ್ಲಿ ಗುಂಡವ್ವ ಎಂಬ ಹೆಸರಿನ ಅಜ್ಜಿಯರು ಎಷ್ಟೋ ಮನೆಗಳಲ್ಲಿದ್ದಾರೆ. ಕಲ್ಲವ್ವನಿಗೂ ಇದೇ ಅಡ್ಡಿ. ಯಾರ ಮನೆಯಲ್ಲಿಯೂ ಇಲ್ಲದ, ಆದರೆ ಎಲ್ಲರ ಮನೆಯಲ್ಲಿಯೂ ಇರಬಹುದಾದಂತೆ ಕೇಳಿಸುವ ಹೆಸರು ಬೇಕು. ಪೇರಿಸುವವಳು ಪೇರವ್ವ. ‘ಅವ್ವ’ ಎಂಬ ಕೊನೆಯಿಂದ ಅವಳಿಗೆ ಸಲ್ಲಬೇಕಾದ ಮರ್ಯಾದೆಯೂ ಸಂದಿತು. ದೋಣಿ ಹಾದುಹೋಗುವಾಗ ಮೇಲಿನ ಕಲ್ಲು ಗಡಗಡನೆ ಅಲುಗಾಡುತ್ತದೆ. ಪೇರವ್ವ ಒಂದು ಬೆರಳಿನಿಂದ ಅದನ್ನು ತಡೆದು ನಿಲ್ಲಿಸುತ್ತಾಳೆ.

ಇನ್ನು ಗುಮ್ಮ. ಅವನ ಚಿತ್ರ ಬರೆಯಲು ಕುಳಿತವರಿಗೆ ಹತ್ತು ಬಗೆಯ ಹಲ್ಲುಗಳೂ ಇಪ್ಪತ್ತು ಬಗೆಯ ಕಣ್ಣುಗಳೂ ಹೊಳೆಯಬಹುದು. ಅವುಗಳಲ್ಲಿ ಯಾವುದನ್ನು ಆರಿಸಿದರೂ ದೋಣಿಯಲ್ಲಿರುವ ಇಪ್ಪತ್ತು ಮಕ್ಕಳಲ್ಲಿ ಹತ್ತೊಂಬತ್ತು ಮಂದಿ ತಮ್ಮ ಗುಮ್ಮ ಹೀಗಿಲ್ಲವೆಂದು ನಿರಾಶರಾಗುವರು. ಆದುದರಿಂದ ಈ ಒಂದು ಪಾತ್ರಕ್ಕೆ ಹೆಸರನ್ನು ಮಾತ್ರ ಉಳಿಸಿಕೊಂಡು ಗೊಂಬೆಯನ್ನು ಮಾಡದಿರುವುದೇ ಸರಿ. ಕೊನೆಯ ತಿರುವಿನಲ್ಲಿ ದೀಪಗಳೆಲ್ಲ ಆರುತ್ತವೆ. ನೀರಿನಲ್ಲಿ ‘ಗುಳುಂ’ ಎಂಬ ಸದ್ದು. ತೇಲಪ್ಪ ಹುಟ್ಟು ಹಾಕುವುದನ್ನು ನಿಲ್ಲಿಸಿ, ಮೆಲ್ಲನೆ, “ಗುಮ್ಮ ಬಂದಾನ, ಯಾರೂ ಮಾತಾಡಬ್ಯಾಡ್ರಿ” ಎನ್ನುತ್ತಾನೆ. ಎಣಿಸಿ ಏಳು ಕ್ಷಣಗಳ ತನಕ ಏನೂ ಆಗುವುದಿಲ್ಲ. ಅನಂತರ ದೋಣಿ ಬಿಸಿಲಿಗೆ ಬರುತ್ತದೆ.